ಕಾಲೇಜು ಲೈಬ್ರರಿಯಲ್ಲೇ ಕೆಲಸದ ದಾರಿ ಹುಡುಕೋದು ಹೇಗೆ? (ಬಿ.ಎಸ್ಸಿ. ಕೆಮಿಸ್ಟ್ರಿ, ಕೊಪ್ಪಳ)

ಕುಷ್ಟಗಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಐದನೇ ಸೆಮಿಸ್ಟರ್ ಓದುತ್ತಿದ್ದೇನೆ, ಕೆಮಿಸ್ಟ್ರಿ ಮುಖ್ಯ ವಿಷಯ. ಮುಂದೇನು ಅಂತ ಯಾರನ್ನು ಕೇಳಿದರೂ ಬಿ.ಎಡ್., ಎಫ್‌ಡಿಎ, ಪಿಡಿಒ, ಈ ಮೂರನ್ನೇ ಹೇಳುತ್ತಾರೆ. ಲೈಬ್ರರಿಯ ಸ್ಪರ್ಧಾತ್ಮಕ ಪರೀಕ್ಷೆ ಕಪಾಟಿನಲ್ಲೂ ಅವೇ ಗೈಡುಗಳು. ಕೆಮಿಸ್ಟ್ರಿ ಓದಿದವರಿಗೆ ಬೇರೆ ಯಾವ ಕೆಲಸಗಳಿವೆ, ಅಲ್ಲಿ ದಿನಾ ಏನು ಮಾಡಬೇಕಾಗುತ್ತದೆ ಅನ್ನೋದು ಲೈಬ್ರರಿಯಿಂದಲೇ ತಿಳಿಯುತ್ತದೆಯೇ? ಮನೆಯಲ್ಲಿ ಮೊಬೈಲ್ ಬಿಟ್ಟರೆ ಕಂಪ್ಯೂಟರ್ ಇಲ್ಲ. ವಾರಕ್ಕೆ ನಾಲ್ಕೈದು ತಾಸು ಕೊಡಬಲ್ಲೆ.

ಕಪಾಟು_ನಂಬರ್:
ತಿಳಿಯುತ್ತದೆ. ಆದರೆ ನೀವು ನಿಂತಿರುವ ಕಪಾಟು ಬೇರೆ. ಗೈಡು ಪರೀಕ್ಷೆ ಹೇಗೆ ಬರೆಯಬೇಕು ಅಂತ ಹೇಳುತ್ತದೆ, ಕೆಲಸ ಹೇಗಿರುತ್ತದೆ ಅಂತ ಹೇಳುವುದಿಲ್ಲ. ಅದಕ್ಕೆ ನಿಮ್ಮ ವಿಷಯದ ಅಕ್ಕಪಕ್ಕದ ಕಪಾಟುಗಳಿಗೆ ಹೋಗಬೇಕು.

ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿ ನೋಡಿ. ಬಹಳಷ್ಟು ಕಾಲೇಜುಗಳಲ್ಲಿ ಅದು ಡ್ಯೂಯಿ ದಶಮಾಂಶ ಸಂಖ್ಯೆ, ಅಂದರೆ ವಿಷಯಕ್ಕೆ ತಕ್ಕಂತೆ ಪುಸ್ತಕ ಜೋಡಿಸುವ ಸಂಖ್ಯೆ. 540ರ ಸಾಲಿನಲ್ಲಿ ನಿಮ್ಮ ಪಠ್ಯಗಳಿರುತ್ತವೆ, ಅದರಲ್ಲಿ 543 ಅಂದರೆ ವಿಶ್ಲೇಷಣಾ ರಸಾಯನಶಾಸ್ತ್ರ. ಅಲ್ಲಿಂದ ಮುಂದೆ ನಡೆಯಿರಿ: 628.1ರಲ್ಲಿ ಕುಡಿಯುವ ನೀರು, 631.4ರಲ್ಲಿ ಮಣ್ಣು, 660ರಲ್ಲಿ ರಾಸಾಯನಿಕ ಕೈಗಾರಿಕೆ, 664ರಲ್ಲಿ ಆಹಾರ ತಂತ್ರಜ್ಞಾನ, 669ರಲ್ಲಿ ಲೋಹಶಾಸ್ತ್ರ. ವೃತ್ತಿ ಆಯ್ಕೆಯ ಪುಸ್ತಕಗಳು 331.702 ಮತ್ತು 371.425ರಲ್ಲಿ, ಅರ್ಜಿ, ರೆಸ್ಯೂಮೆ, ಸಂದರ್ಶನದ ಪುಸ್ತಕಗಳು 650.14ರಲ್ಲಿ. ಒಂದೇ ಕಪಾಟಿನಲ್ಲಿ ಎಲ್ಲ ಸಿಗದೇ ಇರುವುದಕ್ಕೆ ಕಾರಣ ಇದೇ. ಸಣ್ಣ ಕಾಲೇಜುಗಳಲ್ಲಿ 628, 669 ಖಾಲಿ ಇರಬಹುದು. ಆಗ ಒಪ್ಯಾಕ್‌ನಲ್ಲಿ (ಲೈಬ್ರರಿಯ ಕಂಪ್ಯೂಟರ್ ಪುಸ್ತಕ ಪಟ್ಟಿ) 'ಕರಿಯರ್' ಅಂತ ಹೊಡೆಯಬೇಡಿ, ಗೈಡುಗಳೇ ಬರುತ್ತವೆ. 'ವಾಟರ್ ಅನಾಲಿಸಿಸ್', 'ಕ್ವಾಲಿಟಿ ಕಂಟ್ರೋಲ್', 'ಮೆಟಲರ್ಜಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ.

ನಮ್ಮ ಸೀಮೆಗೇ ಹೊಂದಿಸಿ ನೋಡ್ರಿ. ಕಬ್ಬಿಣದ ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಅಂತ ತಿಳಿಯಲು ಅದಿರನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಸ್ಟ್ಯಾನಸ್ ಕ್ಲೋರೈಡ್‌ನಿಂದ ಅಪಕರ್ಷಿಸಿ (ರೆಡ್ಯೂಸ್ ಮಾಡಿ), ಪೊಟ್ಯಾಸಿಯಂ ಡೈಕ್ರೋಮೇಟ್ ಬ್ಯೂರೆಟ್‌ನಿಂದ ಹನಿ ಹನಿಯಾಗಿ ಬಿಡುತ್ತಾರೆ. ಸೂಚಕದ ಬಣ್ಣ ನೇರಳೆಗೆ ತಿರುಗಿದ ಹನಿಯಲ್ಲಿ ನಿಲ್ಲಿಸಬೇಕು. ನಿಮ್ಮ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಇರುವ ಟೈಟ್ರೇಶನ್ ಇದೇ ಜಾತಿಯದು. ತೋರಣಗಲ್ಲು, ಸಂಡೂರು ಕಡೆಯ ಉಕ್ಕು, ಗಣಿ ಪ್ರಯೋಗಾಲಯಗಳಿಗೆ ಇಂಥ ಲೆಕ್ಕ ಬೇಕು. ದೊಡ್ಡ ಕಡೆ ಎಕ್ಸ್‌ರೇ ಫ್ಲೋರೆಸೆನ್ಸ್ ಯಂತ್ರ ಇರುತ್ತದೆ, ಆ ಯಂತ್ರದ ಮಾತು 543ರಲ್ಲೇ ಸಿಗುತ್ತದೆ. ಹಟ್ಟಿ ಗಣಿಯಲ್ಲಾದರೆ ಚಿನ್ನದ ಲೆಕ್ಕ. ಶಕ್ತಿನಗರದ ಶಾಖೋತ್ಪನ್ನ ಘಟಕದಂಥ ಕಡೆ ಬಾಯ್ಲರ್ ನೀರಿನ ಪಿಎಚ್, ವಾಹಕತೆ, ಸಿಲಿಕಾ ನೋಡುವವರು ಕೆಮಿಸ್ಟ್‌ಗಳು. ಸಿಲಿಕಾ ಹಬೆಯ ಜೊತೆ ದಾಟಿದರೆ ಟರ್ಬೈನ್ ಅಲಗುಗಳಿಗೆ ಹಿಡಿದುಕೊಳ್ಳುತ್ತದೆ, ಅದಕ್ಕೇ ಅಷ್ಟು ಕಾಳಜಿ.

ಪುಸ್ತಕ ತೆಗೆದ ಕೂಡಲೇ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮುದ್ರಣದ ವರ್ಷ ನೋಡಿ. ಹತ್ತು ವರ್ಷ ಹಳೆಯ ವೃತ್ತಿ ಪುಸ್ತಕದಲ್ಲಿ ಸಂಬಳ, ವಯೋಮಿತಿ, ಪರೀಕ್ಷಾ ಪದ್ಧತಿ ಎಲ್ಲ ಬದಲಾಗಿರುತ್ತವೆ. ಟೈಟ್ರೇಶನ್ ಬದಲಾಗಿರುವುದಿಲ್ಲ.

ಲಾಗಿನ್_ಕೌಂಟರ್:
ಕಂಪ್ಯೂಟರ್ ಇಲ್ಲ ಅಂದಿರಲ್ಲ, ಮೊಬೈಲಿನಲ್ಲೇ ಆಗುವುದನ್ನು ಹೇಳುತ್ತೇನೆ.

ಮೊದಲು ಎನ್-ಲಿಸ್ಟ್. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗೆ ಕೊಡುವ ಇ-ಪುಸ್ತಕ, ಇ-ಜರ್ನಲ್ ಸೌಲಭ್ಯ ಇದು. ನೀವಾಗಿ ಸೇರಲು ಬರುವುದಿಲ್ಲ, ಕಾಲೇಜು ಸದಸ್ಯ ಆಗಿರಬೇಕು. ಗ್ರಂಥಪಾಲಕರ ಹತ್ತಿರ ಹೋಗಿ "ಎನ್-ಲಿಸ್ಟ್ ಈ ವರ್ಷಕ್ಕೆ ನವೀಕರಣ ಆಗಿದೆಯೇ, ನನ್ನ ಹೆಸರು ಸೇರಿಸುತ್ತೀರಾ?" ಅಂತ ನೇರವಾಗಿ ಕೇಳಿ. ಇಮೇಲ್ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ. ಒಂದು ಅಕ್ಷರ ತಪ್ಪಿದರೂ ಪಾಸ್‌ವರ್ಡ್ ನಿಮಗೆ ತಲುಪುವುದಿಲ್ಲ. ಬರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ.

ಲಾಗಿನ್ ಸಿಕ್ಕ ಮೇಲೆ ಹೆಚ್ಚಿನವರು ಎಡವುವುದು ಒಂದೇ ಕಡೆ. ಗೂಗಲ್‌ನಲ್ಲಿ ಪುಸ್ತಕ ಹುಡುಕಿ ಪ್ರಕಾಶಕರ ತಾಣಕ್ಕೆ ನೇರ ಹೋಗುತ್ತಾರೆ, ಅದು ದುಡ್ಡು ಕೇಳುತ್ತದೆ, "ಎನ್-ಲಿಸ್ಟ್ ಕೆಲಸ ಮಾಡಲ್ಲ" ಅಂತ ಬಿಟ್ಟುಬಿಡುತ್ತಾರೆ. ಎನ್-ಲಿಸ್ಟ್ ತಾಣದಲ್ಲಿ ಲಾಗಿನ್ ಆಗಿ, ಅಲ್ಲಿನ ಕೊಂಡಿಯಿಂದಲೇ ಪ್ರಕಾಶಕರ ಪುಟಕ್ಕೆ ಹೋಗಬೇಕು. ಆ ಬಾಗಿಲಿನಿಂದ ಬಂದವರನ್ನು ಮಾತ್ರ ಅದು ಸದಸ್ಯರು ಅಂತ ಗುರುತಿಸುತ್ತದೆ.

ಕಾಲೇಜು ಸದಸ್ಯ ಆಗಿಲ್ಲವೇ? ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೆ ನೀವೇ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಎಂ.ಎಸ್ಸಿ. ಯೋಚನೆ ಇದ್ದರೆ ಶೋಧಗಂಗಾ ತೆರೆಯಿರಿ, ಪಿಎಚ್.ಡಿ. ಪ್ರಬಂಧಗಳ ಭಂಡಾರ. ನೀವು ಸೇರಬೇಕು ಅಂದುಕೊಂಡ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಪ್ರಬಂಧ ತೆಗೆದು ಪ್ರಯೋಗ ವಿಧಾನದ ಅಧ್ಯಾಯ ಮಾತ್ರ ಓದಿ. ಅಲ್ಲಿ ಯಾವ ಉಪಕರಣ ಬಳಸಿದ್ದಾರೆ, ಯಾವುದಕ್ಕೆ ಹೊರಗೆ ಕಳಿಸಿದ್ದಾರೆ ಅನ್ನೋದು ಗೊತ್ತಾಗುತ್ತದೆ. ಪ್ರಾಸ್ಪೆಕ್ಟಸ್‌ನಲ್ಲಿ ಇದು ಸಿಗುವುದಿಲ್ಲ.

ಹಳೇ_ಕಟ್ಟು:
ಒಂದು ಮಾತು ಸೇರಿಸುತ್ತೇನೆ. ಪತ್ರಿಕೆ ವಿಭಾಗದಲ್ಲಿ ವಾರಪತ್ರಿಕೆ 'ಎಂಪ್ಲಾಯ್‌ಮೆಂಟ್ ನ್ಯೂಸ್' ತರಿಸುತ್ತಿದ್ದರೆ, ಹೊಸ ಸಂಚಿಕೆಗಿಂತ ಹಳೇ ಕಟ್ಟು ನಿಮಗೆ ಹೆಚ್ಚು ಉಪಯೋಗ. ಎರಡು ವರ್ಷದ ಕಟ್ಟು ಕೇಳಿ, ವಿದ್ಯಾರ್ಹತೆಯ ಕಾಲಂನಲ್ಲಿ ಕೆಮಿಸ್ಟ್ರಿ ಅಂತ ಇರುವ ಹುದ್ದೆ ಮಾತ್ರ ನೋಟ್‌ಬುಕ್ಕಿಗೆ ಇಳಿಸಿ: ಹುದ್ದೆ, ಬೇಕಾದ ಪದವಿ, ಅನುಭವ, ಪರೀಕ್ಷೆಯ ವಿಷಯ, ಅಧಿಸೂಚನೆ ಬಂದ ತಿಂಗಳು. ಮೂವತ್ತು ಸಾಲು ತುಂಬುವ ಹೊತ್ತಿಗೆ ಬಿ.ಎಸ್ಸಿ. ಎಲ್ಲಿಗೆ ಸಾಕು, ಎಂ.ಎಸ್ಸಿ. ಎಲ್ಲಿಂದ ಬೇಕು ಅನ್ನೋದು ಕಣ್ಣಿಗೆ ಕಾಣುತ್ತದೆ. ಹುದ್ದೆಯ ಹೆಸರು ಅರ್ಥ ಆಗದಿದ್ದರೆ ರಾಷ್ಟ್ರೀಯ ವೃತ್ತಿ ವರ್ಗೀಕರಣ 2015 ನೋಡಿ. ಅದರಲ್ಲಿ ಸಂಕೇತ ಸಂಖ್ಯೆ 2113 ಅಂದರೆ ಕೆಮಿಸ್ಟ್‌ಗಳು, 3111 ಅಂದರೆ ವಿಜ್ಞಾನ ತಂತ್ರಜ್ಞರು. ಎರಡರ ಕೆಲಸ ಬೇರೆ ಬೇರೆ.

ರಾಜ್ಯದ ಅಧಿಸೂಚನೆಗಳಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಹುದ್ದೆಗಳನ್ನು ಪ್ರತ್ಯೇಕವಾಗಿ ತೋರಿಸಿರುತ್ತಾರೆ. ಸಂವಿಧಾನದ 371(ಜೆ) ವಿಧಿಯ ಅಡಿ ಸ್ಥಳೀಯ ವೃಂದದಲ್ಲಿ ಈ ಭಾಗದವರಿಗೆ ಎ, ಬಿ ಗುಂಪಿಗೆ ಶೇ. 75, ಸಿ ಗುಂಪಿಗೆ ಶೇ. 80 ಮೀಸಲು. ಇದಕ್ಕೆ ಬೇಕಾದ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಶಾಲಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರಿದ್ದರೆ ಅಲ್ಲೇ ತಡವಾಗುತ್ತದೆ. ಈಗಲೇ ಸರಿಮಾಡಿಸಿಕೊಳ್ಳಿ.

ಕುಷ್ಟಗಿ_ಹುಡುಗಿ:
ತುಂಬಾ ಉಪಕಾರ ಆಯ್ತು. ಫುಡ್ ಸೇಫ್ಟಿ ಆಫೀಸರ್‌ಗೆ ಕೆಮಿಸ್ಟ್ರಿ ಬಿ.ಎಸ್ಸಿ. ಸಾಕು ಅಂತ ಗೆಳತಿ ಹೇಳಿದಳು. ಹೌದೇ?

ಹಳೇ_ಕಟ್ಟು:
ಸಾಲದು. 2011ರ ಆಹಾರ ಸುರಕ್ಷತೆ ನಿಯಮಗಳಲ್ಲಿ ಆಹಾರ ತಂತ್ರಜ್ಞಾನ, ಡೇರಿ, ಬಯೋಟೆಕ್ನಾಲಜಿ, ಕೃಷಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಇಂಥವಕ್ಕೆ ಪದವಿ ಸಾಕು, ಕೆಮಿಸ್ಟ್ರಿಗೆ ಮಾತ್ರ ಸ್ನಾತಕೋತ್ತರ ಪದವಿ ಅಂತಿದೆ. ಕೋಚಿಂಗ್ ಕರಪತ್ರ ಇಷ್ಟು ಬಿಡಿಸಿ ಹೇಳುವುದಿಲ್ಲ. ಯಾವ ಹುದ್ದೆಗಾದರೂ ಮೂಲ ನಿಯಮದ ಆ ಸಾಲನ್ನು ಕಣ್ಣಾರೆ ಓದಿ. ಎಂ.ಎಸ್ಸಿ.ಗೆ ಐಐಟಿ ಜ್ಯಾಮ್ ಪ್ರವೇಶ ಪರೀಕ್ಷೆ ನೋಡುವುದಿದ್ದರೆ ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ಮಾತ್ರ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತದೆ. ಐದನೇ ಸೆಮಿಸ್ಟರಿನಲ್ಲೇ ಕಣ್ಣಿಡಬೇಕು.

ಕಪಾಟು_ನಂಬರ್:
ಆರನೇ ಸೆಮಿಸ್ಟರ್ ಪರೀಕ್ಷೆಗೆ ಮುಂಚೆ ನೋ ಡ್ಯೂ (ಬಾಕಿ ಇಲ್ಲ ಅನ್ನುವ ಚೀಟಿ) ಕೇಳುತ್ತಾರೆ, ಆ ದಿನ ನಿಮ್ಮ ಲೈಬ್ರರಿ ಕಾರ್ಡ್ ವಾಪಸ್ ಹೋಗುತ್ತದೆ. ಅಷ್ಟರೊಳಗೆ ನೋಟ್‌ಬುಕ್ ಮುಗಿಸಿ. ಮನೆಗೆ ಕೊಡದ ರೆಫರೆನ್ಸ್ ಪುಸ್ತಕಗಳನ್ನು ಮೊದಲು ಓದಿಕೊಳ್ಳಿ, ಕೊಡುವ ಪುಸ್ತಕಗಳನ್ನು ರಜೆಗೆ ಒಯ್ಯಿರಿ. ನಂತರ ಕೊಪ್ಪಳದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಸದಸ್ಯತ್ವ ಮಾಡಿಸಿಕೊಂಡರೆ ಪತ್ರಿಕೆಗಳ ನಂಟು ತಪ್ಪುವುದಿಲ್ಲ.