ಕಡಲ ನೀರಿನ ಅಕ್ವೇರಿಯಂ ಗಾಜಿಗೆ ಎರಡೇ ದಿನದಲ್ಲಿ ಪಾಚಿ ಕಟ್ಟುತ್ತಿದೆ, ಅನುಭವ ಉಳ್ಳವರು ತಿಳಿಸಿ

ಪ್ರಶ್ನೆ, ಚಿಕ್ಕಬಳ್ಳಾಪುರದಿಂದ:
ನಮ್ಮ ಮನೆಯ 240 ಲೀಟರಿನ ಕಡಲ ನೀರಿನ ತೊಟ್ಟಿಗೆ ಏಳು ತಿಂಗಳು ತುಂಬಿತು. ಎರಡು ಕ್ಲೌನ್ ಮೀನು, ಒಂದು ಗೋಬಿ ಜಾತಿಯ ಮೀನು, ಕೆಲವು ಮೆದು ಹವಳಗಳು ಇವೆ. ಭಾನುವಾರ ಗಾಜು ಒರೆಸಿದರೆ ಮಂಗಳವಾರ ಸಂಜೆಗೆ ಕಂದು ಬೆರೆತ ಹಸಿರು ಪದರ ಮತ್ತೆ ಕಟ್ಟಿರುತ್ತದೆ. ಅಡುಗೆಮನೆಯ ಆರ್‌ಒ ಯಂತ್ರದ ನೀರಿಗೇ ಉಪ್ಪು ಬೆರೆಸುತ್ತಿದ್ದೇನೆ. ಗಾಜಿನ ಒಳಗೂ ಹೊರಗೂ ಅಂಟಿಸಿ ಉಜ್ಜುವ ಮ್ಯಾಗ್ನೆಟ್ ಕ್ಲೀನರ್ ಕೊಳ್ಳಲೋ, ಪಾಚಿ ತಿನ್ನಲು, ಬಸವನಹುಳು ಬಿಡಲೋ? ಹುಳುಗಳನ್ನು ಬೆಂಗಳೂರಿನಿಂದ ಬಸ್ಸಿನಲ್ಲೇ ತರಬೇಕು.

ತುಮಕೂರಿನಿಂದ:
ಮ್ಯಾಗ್ನೆಟ್ ಕೊಳ್ಳುವ ಮುನ್ನ ನನ್ನ ಗಾಜಿಗಾದ ಗತಿಯನ್ನು ಕೇಳಿ. ನಾಲ್ಕು ಅಡಿಯ, 12 ಮಿಲಿಮೀಟರ್ ದಪ್ಪದ ತಿಳಿಗಾಜಿನ ತೊಟ್ಟಿಯನ್ನು 38,000 ರೂಪಾಯಿ ಕೊಟ್ಟು ಮಾಡಿಸಿದ್ದೆ. 1,850 ರೂಪಾಯಿಯ ಮ್ಯಾಗ್ನೆಟ್ ತಂದ ಎರಡನೆಯ ವಾರ, ಮರಳಿನ ಮಟ್ಟದವರೆಗೆ ಇಳಿಸಿ ಉಜ್ಜಿದಾಗ ಒಂದೇ ಒಂದು ಕಾಳು ಮರಳು ಪ್ಯಾಡಿಗೂ ಗಾಜಿಗೂ ನಡುವೆ ಸಿಕ್ಕಿತು. ಹನ್ನೊಂದು ಅಂಗುಲದ ಗೀರು ಬಿದ್ದಿತು. ನಾನು ಅಳತೆಪಟ್ಟಿ ಇಟ್ಟು ಅಳೆದಿದ್ದೇನೆ. ಮೂರು ವರ್ಷವಾದರೂ ಪಾಚಿ ಮೊದಲು ಹಿಡಿಯುವುದು ಆ ಗೀರಿನಲ್ಲಿಯೇ, ಕೊನೆಗೆ ಬಿಡುವುದೂ ಅಲ್ಲಿಂದಲೇ. ಈಗ ತೆಳು ಪದರಕ್ಕೆ ಅವಧಿ ಮುಗಿದ ಪ್ಲಾಸ್ಟಿಕ್ ಕಾರ್ಡನ್ನೂ, ನೇರಳೆ ಬಣ್ಣದ ಗಟ್ಟಿ ಕೋರಲೈನ್ ಪಾಚಿಗೆ ಮಾತ್ರ ಉದ್ದ ಹಿಡಿಯ ಉಕ್ಕಿನ ಬ್ಲೇಡನ್ನೂ ಬಳಸುತ್ತೇನೆ. ಮರಳಿನಿಂದ ಎರಡು ಅಂಗುಲ ಮೇಲೆಯೇ ಕೈ ನಿಲ್ಲಿಸುತ್ತೇನೆ, ಬ್ಲೇಡನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿಡುತ್ತೇನೆ. ಅಕ್ರಿಲಿಕ್ ತೊಟ್ಟಿಯವರು ಉಕ್ಕನ್ನು ಹತ್ತಿರಕ್ಕೂ ತರಬಾರದು.

ಕೋಲಾರದಿಂದ:
ತುಮಕೂರಿನವರು ಒರೆಸುವ ಬಗೆಯನ್ನಷ್ಟೇ ಹೇಳಿದ್ದಾರೆ. ಪಾಚಿಗೆ ಊಟ ಬಡಿಸುತ್ತಲೇ ಇದ್ದರೆ ಯಾವ ಬ್ಲೇಡಿನಿಂದ ಏನು ಪ್ರಯೋಜನ? ನಮ್ಮದು ಗ್ರಾನೈಟ್ ಬಂಡೆಯ ನೆಲ. ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಸಿಲಿಕೇಟ್ (ಸಿಲಿಕಾ) ಕರಗಿರುತ್ತದೆ, ಕಂದು ಪದರ ಕಟ್ಟುವ ಡಯಾಟಂ ಎಂಬ ಸೂಕ್ಷ್ಮ ಪಾಚಿಗಳು ತಮ್ಮ ಚಿಪ್ಪನ್ನು ಕಟ್ಟಿಕೊಳ್ಳುವುದು ಅದರಿಂದಲೇ. ನಾನು 9,500 ರೂಪಾಯಿಯ ಆರ್‌ಒ ಘಟಕಕ್ಕೆ, ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ ಜೋಡಿಸಿದ ಆರು ವಾರಗಳಲ್ಲಿ ಗಾಜು ತಿಳಿಯಾಯಿತು. ಹತ್ತನೆಯ ತಿಂಗಳಿಗೆ ಕಂದು ಮತ್ತೆ ಬಂದಿತು. ನೀರಿನಲ್ಲಿ ಕರಗಿದ ಲವಣಗಳನ್ನು ವಿದ್ಯುತ್ ಹರಿವಿನಿಂದ ಅಳೆಯುವ ಟಿಡಿಎಸ್ ಮೀಟರು ಸೊನ್ನೆಯನ್ನೇ ತೋರಿಸುತ್ತಿತ್ತು, ನಾನು ಅದನ್ನೇ ನಂಬಿ ನಾಲ್ಕು ತಿಂಗಳು ದೀಪವನ್ನೂ ಮೀನಿನ ಆಹಾರವನ್ನೂ ದೂಷಿಸಿದೆ. ನೀರಿನಲ್ಲಿ ಕರಗಿದ ಸಿಲಿಕಾಕ್ಕೆ ವಿದ್ಯುದಾವೇಶ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದು ಮೀಟರಿಗೆ ಸಿಗುವುದಿಲ್ಲ, ರೆಸಿನ್ ಸವೆಯತೊಡಗಿದಾಗ ಮೊದಲು ನುಸುಳಿ ಬರುವುದೂ ಅದೇ. ಈಗ ಸೊನ್ನೆ ತೋರಿಸಿದರೂ ಆರು ತಿಂಗಳಿಗೊಮ್ಮೆ ರೆಸಿನ್ ಬದಲಿಸುತ್ತೇನೆ.

ಬಂಗಾರಪೇಟೆಯಿಂದ:
ಆರ್‌ಒ ಘಟಕದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಗೆ ಹರಿಯುತ್ತದೆ ಎಂಬುದನ್ನು ಕೋಲಾರದವರು ಏಕೆ ಬರೆಯಲಿಲ್ಲ? ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ತಂದು ಕೆರೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆ ನಮ್ಮದು. ನಮ್ಮ ಬೀದಿಯಲ್ಲಿ ವಾರಕ್ಕೊಂದು ಟ್ಯಾಂಕರ್ ಬರುತ್ತದೆ. ಈ ಲೆಕ್ಕವನ್ನು ನೋಡಲಾರದೆ ನಾನು ಎರಡು ವರ್ಷ ಸಾಕಿದ ತೊಟ್ಟಿಯನ್ನು ಮಾರಿಬಿಟ್ಟೆ. ಮಾರಿದ ದಿನ ನನ್ನ ಮಗಳು ಊಟ ಮಾಡಲಿಲ್ಲ. ಆದರೂ ಆ ನಿರ್ಧಾರ ಸರಿಯೆಂದೇ ಇಂದಿಗೂ ಹೇಳುತ್ತೇನೆ.

ಕೋಲಾರದಿಂದ:
ಸ್ವಾಮಿ, ಆ ಮೂರು ಲೀಟರಿನಲ್ಲಿ ಒಂದು ಹನಿಯೂ ನಮ್ಮ ಮನೆಯಲ್ಲಿ ಚರಂಡಿ ಸೇರುವುದಿಲ್ಲ. ಅದರಲ್ಲಿ ಉಪ್ಪಿನಂಶ ಬೋರ್‌ವೆಲ್ ನೀರಿಗಿಂತ ಮೂರನೆಯ ಒಂದು ಪಾಲಿನಷ್ಟು ಹೆಚ್ಚು, ಅಷ್ಟೇ. ನೆಲ ಒರೆಸಲು, ಶೌಚಾಲಯಕ್ಕೆ, ಸ್ಕೂಟರ್ ತೊಳೆಯಲು ಅದನ್ನೇ ಬಳಸುತ್ತೇವೆ. ನಿಮ್ಮ ಮನೆಯಲ್ಲಿ ಹಾಗೆ ಮಾಡಲಿಲ್ಲವೆಂದು ನನ್ನನ್ನು ಅಪರಾಧಿ ಮಾಡಬೇಡಿ.

ಗೌರಿಬಿದನೂರಿನಿಂದ:
ಇಬ್ಬರೂ ದಯವಿಟ್ಟು, ಪಾಚಿಗೆ ಆಹಾರವಾಗುವ ಫಾಸ್ಫೇಟಿನ ಮಾತನ್ನು ಕೇಳಿ. ನಾನು ಕೈಮೀಟರಿನಲ್ಲಿ 40 ಪಿಪಿಬಿ (ನೂರು ಕೋಟಿಯಲ್ಲಿ 40 ಭಾಗ) ಎಂಬ ಅಂಕಿ ಕಂಡು 0.04 ಪಿಪಿಎಂ (ಹತ್ತು ಲಕ್ಷದಲ್ಲಿ 0.04 ಭಾಗ) ಫಾಸ್ಫೇಟ್ ಎಂದು ನೆಮ್ಮದಿಯಿಂದ ಇದ್ದೆ. ಆ ಮೀಟರು ತೋರಿಸುತ್ತಿದ್ದದ್ದು ಫಾಸ್ಫರಸ್ಸನ್ನು; ಅದನ್ನು 3.066ರಿಂದ ಗುಣಿಸಬೇಕೆಂದು ಐದು ತಿಂಗಳ ನಂತರ ತಿಳಿಯಿತು. ಹಾಗಾದರೆ ನಿಜವಾಗಿ 0.12 ಇತ್ತು. ಗಾಬರಿಯಿಂದ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳುಗಳನ್ನು ಹೇಳಿದ್ದಕ್ಕಿಂತ ಎರಡು ಪಟ್ಟು ಸುರಿದೆ. ಹತ್ತೇ ದಿನದಲ್ಲಿ ಅಂಕಿ ಸೊನ್ನೆಗೆ ಇಳಿಯಿತು. ಗಾಜು ಕನ್ನಡಿಯಂತಾಯಿತು, ಹವಳಗಳು ಬಿಳಿಚಿಕೊಂಡವು. ಅದಾದ ಮೇಲೆ ಮರಳಿನ ಮೇಲೆ ಗುಳ್ಳೆ ಹೊತ್ತ ಕಂದು ಲೋಳೆ ಹರಡಿತು. ಅದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ, ನೀರಿನಲ್ಲಿ ನೈಟ್ರೇಟೂ ಫಾಸ್ಫೇಟೂ ಬರಿದಾದಾಗ ಎದುರಾಳಿಗಳಿಲ್ಲದೆ ಬೆಳೆಯುವಂಥದ್ದು. 4,200 ರೂಪಾಯಿಯ ಟಾರ್ಚ್ ಹವಳ, ಮೂರು ಅಕ್ರೋಪೊರ ಹವಳ, ಹತ್ತು ವಾರ, ಇವಿಷ್ಟನ್ನೂ ಕಳೆದುಕೊಂಡೆ. ಈಗ ಫಾಸ್ಫೇಟನ್ನು 0.05ರಿಂದ 0.1ರ ನಡುವೆ, ನೈಟ್ರೇಟನ್ನು 5 ಪಿಪಿಎಂ ಆಸುಪಾಸಿನಲ್ಲಿ ಇಟ್ಟಿದ್ದೇನೆ. ನಾಲ್ಕು ದಿನಕ್ಕೊಮ್ಮೆ ಗಾಜು ಒರೆಸಬೇಕಾಗುತ್ತದೆ, ಸಂತೋಷದಿಂದ ಒರೆಸುತ್ತೇನೆ. ಗಾಜು ಒಂದು ಚೂರೂ ಹಸಿರಾಗದ ತೊಟ್ಟಿಯನ್ನು ಕಂಡರೆ ನನಗೆ ಭಯವಾಗುತ್ತದೆ.

ತುಮಕೂರಿನಿಂದ:
ಮೇಡಂ, ನಿಮ್ಮ ಮಾತಿನಿಂದ ನಾನು ಹೇಳಿದ್ದೇ ಗಟ್ಟಿಯಾಯಿತು. ಕೊನೆಗೆ ಎಲ್ಲರೂ ಒರೆಸಲೇಬೇಕು, ಆದ್ದರಿಂದ ಏನಿಂದ ಒರೆಸುತ್ತೇವೆ ಎಂಬುದೇ ಮೊದಲ ಪ್ರಶ್ನೆ. ಕೋಲಾರದವರು ಇದನ್ನು ಒಪ್ಪಬೇಕು.

ಕೋಲಾರದಿಂದ:
ಒಪ್ಪುವುದಿಲ್ಲ. ಎರಡು ದಿನಕ್ಕೊಮ್ಮೆ ಒರೆಸುವುದಕ್ಕೂ ವಾರಕ್ಕೊಮ್ಮೆ ಒರೆಸುವುದಕ್ಕೂ ವ್ಯತ್ಯಾಸವಿದೆ. ನಿಮ್ಮ ಗೀರಿಗೆ ಮ್ಯಾಗ್ನೆಟ್ ಕಾರಣವಲ್ಲ, ಮರಳಿಗೆ ಇಳಿಸಿದ ನಿಮ್ಮ ಕೈ ಕಾರಣ.

ಚಿಂತಾಮಣಿಯಿಂದ:
ಬಸವನಹುಳುವಿನ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಒಂದಕ್ಕೆ 180 ರೂಪಾಯಿಯಂತೆ ಹನ್ನೆರಡು ಅಸ್ಟ್ರಿಯಾ ಹುಳುಗಳನ್ನು ತಂದೆ. ಅವು ಅಂಗಾತ ಬಿದ್ದರೆ ಸಾಮಾನ್ಯವಾಗಿ ತಾವಾಗಿ ಮಗುಚಿಕೊಳ್ಳಲಾರವು. ಮದುವೆಗೆಂದು ಮೂರು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಏಳು ಸತ್ತಿದ್ದವು. ಉಳಿದ ಐದನ್ನು ನಾನೇ ಕೊಂದೆ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಅಂಗಡಿಯವರು ಕೊಟ್ಟ ಔಷಧವನ್ನು ಸೀಸೆಯ ಮೇಲಿನ ಬರಹವನ್ನೂ ಓದದೆ ತೊಟ್ಟಿಗೇ ಹಾಕಿದೆ. ಅದರಲ್ಲಿ ತಾಮ್ರವಿತ್ತು, ತಾಮ್ರ ಬಸವನಹುಳುವಿಗೆ ವಿಷ. ಬೇರೆ ತೊಟ್ಟಿಯಲ್ಲಿ ಕೊಡಬೇಕಾದ ಔಷಧವದು. ಕಲ್ಲುಗಳು ತಾಮ್ರವನ್ನು ಹೀರಿದ್ದರಿಂದ ಎಲ್ಲವನ್ನೂ ಎಸೆದು ಹೊಸದಾಗಿ ಆರಂಭಿಸಿದೆ. ಈಗ ಟ್ರೋಕಸ್ ಜಾತಿಯ ಆರು ಬಸವನಹುಳುಗಳಿವೆ, ಅವು ಬಿದ್ದರೂ ತಾವೇ ಏಳುತ್ತವೆ. ಮುಂದಿನ ಗಾಜನ್ನು ಮಾತ್ರ ನಾನು ಒರೆಸುತ್ತೇನೆ, ಹಿಂದಿನದನ್ನೂ ಪಕ್ಕದವನ್ನೂ ಅವುಗಳ ಮೇವಿಗೆ ಬಿಟ್ಟಿದ್ದೇನೆ.

ಚಿಕ್ಕಬಳ್ಳಾಪುರದಿಂದ:
ಎಲ್ಲರಿಗೂ ಧನ್ಯವಾದಗಳು. ನಾನು ಅಡುಗೆಮನೆಯ ಆರ್‌ಒ ನೀರನ್ನು ಬಳಸುತ್ತಿರುವುದು ಸರಿಯೇ ಎಂಬುದನ್ನು ಯಾರಾದರೂ ಹೇಳುವಿರಾ? ಇಂದು ಅಳೆದಾಗ ಟಿಡಿಎಸ್ 85 ಇತ್ತು.

ಕೋಲಾರದಿಂದ:
85 ಎಂದರೆ ನಿಮ್ಮ ಯಂತ್ರದಲ್ಲಿ, ಕುಡಿಯುವ ನೀರಿಗೆ ರುಚಿ ಬರಲೆಂದು ಪೂರ್ತಿ ಸೋಸದ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರಬಹುದು, ಇಲ್ಲವೇ ಮಿನರಲ್ ಕಾರ್ಟ್ರಿಡ್ಜ್ ಇರಬಹುದು. ಅವುಗಳಿಗಿಂತ ಮೊದಲೇ, ನೀರು ಸೋಸುವ ಪೊರೆಯಾದ ಮೆಂಬ್ರೇನಿನಿಂದ ಹೊರಬರುವ ಕೊಳವೆಯಿಂದ ನೀರನ್ನು ಪ್ರತ್ಯೇಕವಾಗಿ ಹಿಡಿದು ಡಿಐ ರೆಸಿನ್ ಮೂಲಕ ಹಾಯಿಸಿ. ಹೊಸ ಘಟಕ ಕೊಳ್ಳುವ ಅಗತ್ಯ ಬರಲಾರದು.

ಬಂಗಾರಪೇಟೆಯಿಂದ:
ಹೊರಹೋಗುವ ಕೊಳವೆಗೆ ಒಂದು ಡ್ರಮ್ಮನ್ನೂ ಇಡಿ.

ಚಿಂತಾಮಣಿಯಿಂದ:
ಬಸ್ಸಿನ ವಿಷಯ: ಬೆಳಗಿನ ಬಸ್ಸಿಗೆ, ಥರ್ಮಕೋಲ್ ಪೆಟ್ಟಿಗೆಯಲ್ಲಿ ತನ್ನಿ, ಎಂಜಿನ್ ಪಕ್ಕದ ಸೀಟಿನಲ್ಲಿ ಕೂರಬೇಡಿ. ಮನೆಗೆ ಬಂದ ಮೇಲೆ ಅಂಗಡಿಯ ನೀರಿನ ಲವಣಾಂಶವನ್ನು ಅಳೆದು, ನಿಮ್ಮ ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ತೊಟ್ಟು ತೊಟ್ಟಾಗಿ ಸೇರಿಸುತ್ತಾ ನಿಧಾನವಾಗಿ ಹೊಂದಿಸಿ. ಮೊದಲಿಗೆ ನಾಲ್ಕೇ ಟ್ರೋಕಸ್ ಸಾಕು.