ಎರಡು ಕರ್ಬೆರೋಸ್ ರೆಲ್ಮ್‌ಗಳ ನಡುವೆ ಟಿಕೆಟ್ ಗಡಿ ದಾಟುತ್ತಿಲ್ಲ

ಪ್ರಶ್ನೆ

ನಮ್ಮಲ್ಲಿ ಎಂಐಟಿ ಕರ್ಬೆರೋಸ್‌ನ (ಟಿಕೆಟ್‌ನಿಂದ ಬಳಕೆದಾರರ ಗುರುತು ಖಚಿತಪಡಿಸುವ ವ್ಯವಸ್ಥೆ) ಎರಡು ರೆಲ್ಮ್‌ಗಳಿವೆ, ಅಂದರೆ ಎರಡು ಪ್ರತ್ಯೇಕ ಆಡಳಿತ ವಲಯಗಳು. ಇಲ್ಲಿ ಅವನ್ನು ಪೂರ್ವ, ಪಶ್ಚಿಮ ಎಂದಿಟ್ಟುಕೊಳ್ಳಿ. ಪೂರ್ವದ ಬಳಕೆದಾರರು ತಮ್ಮ ಟಿಕೆಟ್‌ನಿಂದಲೇ ಪಶ್ಚಿಮದ ಸರ್ವರ್‌ಗಳಿಗೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮಾಡಬೇಕು. ಆ ಕಡೆಯವರು ಈ ಕಡೆ ಬರಬೇಕಿಲ್ಲ. ಎರಡೂ ಕೆಡಿಸಿಗಳಲ್ಲಿ (ಟಿಕೆಟ್ ಕೊಡುವ ಸರ್ವರ್‌ಗಳಲ್ಲಿ) ಕೆಆರ್‌ಬಿಟಿಜಿಟಿ/ಪಶ್ಚಿಮ@ಪೂರ್ವ ಪ್ರಿನ್ಸಿಪಲ್ (ಕರ್ಬೆರೋಸ್‌ನಲ್ಲಿನ ಗುರುತಿನ ಹೆಸರು) ಅನ್ನು ರ‍್ಯಾಂಡ್‌ಕೀ ಆಯ್ಕೆ (ಯಾದೃಚ್ಛಿಕ ಕೀಲಿ) ಕೊಟ್ಟು ಸೇರಿಸಿದ್ದೇವೆ. ಎರಡು ಕೆಡಿಸಿಗಳ ನಡುವೆ 88ನೇ ಪೋರ್ಟ್ ತೆರೆದಿದೆ. ಪೂರ್ವದ ಕೆಡಿಸಿ ಯಂತ್ರದಿಂದಲೇ ಕೆವಿಎನ್‌ಓ (ಸರ್ವರ್‌ನ ಟಿಕೆಟ್ ಕೇಳಿ ನೋಡುವ ಆದೇಶ) ಓಡಿಸಿದರೆ "ಡಿಕ್ರಿಪ್ಟ್ ಇಂಟೆಗ್ರಿಟಿ ಚೆಕ್ ಫೇಲ್ಡ್" ಎನ್ನುತ್ತದೆ. ಬಳಕೆದಾರರ ಲ್ಯಾಪ್‌ಟಾಪ್‌ನಿಂದ ಓಡಿಸಿದರೆ "ಕೆನಾಟ್ ಕಾಂಟ್ಯಾಕ್ಟ್ ಎನಿ ಕೆಡಿಸಿ". ಒಂದೇ ಕೆಲಸಕ್ಕೆ ಎರಡು ಬೇರೆ ದೋಷ ಏಕೆ?

ಪ್ರತಿಕ್ರಿಯೆ 1

ಎರಡು ದೋಷಕ್ಕೆ ಎರಡು ಕಾರಣ.

ಮೊದಲನೆಯದು ಕೀಲಿ. ರೆಲ್ಮ್‌ಗಳ ನಡುವಿನ ನಂಬಿಕೆ ಎಂದರೆ ಇಬ್ಬರ ಬಳಿಯೂ ಒಂದೇ ಕೀಲಿ ಇರುವುದು, ಅಷ್ಟೇ. ಪೂರ್ವ ಆ ಕೀಲಿಯಿಂದ ಟಿಕೆಟ್ ಮುಚ್ಚುತ್ತದೆ, ಪಶ್ಚಿಮ ಅದರಿಂದಲೇ ತೆರೆಯುತ್ತದೆ. ರ‍್ಯಾಂಡ್‌ಕೀ ಕೊಟ್ಟರೆ ಒಂದೊಂದು ಕಡೆ ಒಂದೊಂದು ಕೀಲಿ ಹುಟ್ಟುತ್ತದೆ, ತೆರೆಯುವುದು ಹೇಗೆ? ಎರಡೂ ಕಡೆ ಆ ಪ್ರಿನ್ಸಿಪಲ್ ಅಳಿಸಿ, ಒಂದೇ ಪಾಸ್‌ವರ್ಡ್ ಕೊಟ್ಟು ಮತ್ತೆ ಸೇರಿಸಿ. ಪಾಸ್‌ವರ್ಡ್ ಕನಿಷ್ಠ 26 ಅಕ್ಷರದ ಯಾದೃಚ್ಛಿಕ ಸಾಲಾಗಿರಲಿ. ಯಾರೂ ಅದನ್ನು ದಿನಾ ಟೈಪ್ ಮಾಡುವುದಿಲ್ಲ, ಉದ್ದಕ್ಕೆ ಜಿಪುಣತನ ಬೇಡ. ಪಾಸ್‌ವರ್ಡ್‌ನಿಂದ ಕೀಲಿ ಮಾಡುವಾಗ ಬೆರೆಸುವ ಸಾಲ್ಟ್ ಹುಟ್ಟುವುದು ಪ್ರಿನ್ಸಿಪಲ್ ಹೆಸರಿನಿಂದ. ಎರಡೂ ಕಡೆ ಹೆಸರು ಅಕ್ಷರಶಃ ಒಂದೇ ಇದ್ದರೆ ಕೀಲಿಯೂ ಒಂದೇ ಆಗುತ್ತದೆ.

ಸೇರಿಸುವಾಗ ಮೈನಸ್ ಇ ಆಯ್ಕೆಯಲ್ಲಿ ಎನ್‌ಕ್ರಿಪ್ಷನ್ ಬಗೆಯನ್ನೂ ಎರಡೂ ಕಡೆ ಒಂದೇ ಕೊಡಿ, ಎಇಎಸ್ 256 ಸಾಕು. ಆಮೇಲೆ ಗೆಟ್‌ಪ್ರಿಂಕ್ ಓಡಿಸಿ ಕೀಲಿಯ ಆವೃತ್ತಿ ಸಂಖ್ಯೆ ನೋಡಿ. ಎರಡೂ ಕಡೆ 1 ಇರಬೇಕು. ಒಂದು ಕಡೆ ಮಾತ್ರ ಪಾಸ್‌ವರ್ಡ್ ಬದಲಿಸಿದ್ದರೆ ಅಲ್ಲಿ 2 ಆಗಿರುತ್ತದೆ.

ಎರಡನೆಯದು ಫೈರ್‌ವಾಲ್. ಟಿಕೆಟ್ ಕೊಡುವಾಗ ಕೆಡಿಸಿಗಳು ಪರಸ್ಪರ ಮಾತಾಡುವುದೇ ಇಲ್ಲ. ಓಡಾಟವೆಲ್ಲ ಬಳಕೆದಾರರ ಯಂತ್ರದ್ದು: ಪೂರ್ವದ ಕೆಡಿಸಿಯಿಂದ ಕೆಆರ್‌ಬಿಟಿಜಿಟಿ/ಪಶ್ಚಿಮ@ಪೂರ್ವ ಟಿಕೆಟ್ ಪಡೆದು, ಅದನ್ನು ತಾನೇ ಪಶ್ಚಿಮದ ಕೆಡಿಸಿಗೆ ಒಯ್ದು, ಅಲ್ಲಿ ಸರ್ವರ್‌ನ ಟಿಕೆಟ್ ಕೇಳುತ್ತದೆ. ಹಾಗಾಗಿ ಲ್ಯಾಪ್‌ಟಾಪ್‌ಗಳ ಜಾಲದಿಂದ ಪಶ್ಚಿಮದ ಕೆಡಿಸಿಗೆ 88 ತೆರೆಯಿರಿ, ಯುಡಿಪಿ ಮತ್ತು ಟಿಸಿಪಿ ಎರಡೂ. ಟಿಕೆಟ್ ದಪ್ಪಗಿದ್ದರೆ ಯುಡಿಪಿಯಲ್ಲಿ ಹಿಡಿಯದೆ ಟಿಸಿಪಿಗೆ ಹೋಗುತ್ತದೆ.

ಪ್ರತಿಕ್ರಿಯೆ 2

ಮೇಲಿನದಕ್ಕೆ ಸೇರಿಸುವುದಿಷ್ಟು. ಪೂರ್ವದ ಯಂತ್ರಗಳ ಕರ್ಬೆರೋಸ್ ಕಡತದಲ್ಲಿ ಡೊಮೈನ್_ರೆಲ್ಮ್ ವಿಭಾಗಕ್ಕೆ ಪಶ್ಚಿಮದ ಡೊಮೈನ್ ಸೇರಿಸಿ, ಚುಕ್ಕಿಯಿಂದ ಶುರುವಾಗುವ ಸಾಲೂ ಇರಲಿ. ಇಲ್ಲದಿದ್ದರೆ ಆ ಸರ್ವರ್ ಯಾವ ರೆಲ್ಮ್‌ನದು ಎಂದು ತಿಳಿಯದೆ "ಸರ್ವರ್ ನಾಟ್ ಫೌಂಡ್ ಇನ್ ಕರ್ಬೆರೋಸ್ ಡೇಟಾಬೇಸ್" ಬರಬಹುದು. ಐಪಿಯಿಂದ ಹೆಸರು ಹುಡುಕಿದಾಗ ಬೇರೊಂದು ಹೆಸರು ಬಂದರೂ ಇದೇ ದೋಷ. ಅದಕ್ಕೆ ಆ ಹುಡುಕಾಟದ ಆಯ್ಕೆಯಾದ ಆರ್‌ಡಿಎನ್‌ಎಸ್ ಅನ್ನು ಫಾಲ್ಸ್ ಮಾಡಿ. ಗಡಿಯಾರಗಳ ನಡುವೆ 300 ಸೆಕೆಂಡಿಗಿಂತ ಹೆಚ್ಚು ಅಂತರ ಇರಬಾರದು.

ಕೆಆರ್‌ಬಿ5_ಟ್ರೇಸ್ ಚರವನ್ನು ಒಂದು ಕಡತಕ್ಕೆ ತೋರಿಸಿ ಕೆವಿಎನ್‌ಓ ಓಡಿಸಿದರೆ ಯಾವ ಹೆಜ್ಜೆಯಲ್ಲಿ ನಿಂತಿತು ಎಂದು ಸಾಲುಸಾಲಾಗಿ ಕಾಣುತ್ತದೆ. ನಡುವೆ ಮೂರನೇ ರೆಲ್ಮ್ ಇದ್ದರೆ ಮಾತ್ರ ದಾರಿ ಬರೆಯುವ ಕೆಪಾತ್ಸ್ ವಿಭಾಗದ ಚಿಂತೆ. ನಿಮ್ಮದು ನೇರ ನಂಟು, ಸದ್ಯ ಬೇಡ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಕೀಲಿ, ಪೋರ್ಟ್ ಎರಡೂ ಸರಿಹೋದವು. ಕೆಲಿಸ್ಟ್‌ನಲ್ಲಿ (ಕೈಯಲ್ಲಿರುವ ಟಿಕೆಟ್‌ಗಳ ಪಟ್ಟಿ) ಮೂರೂ ಟಿಕೆಟ್ ಕಾಣುತ್ತಿವೆ: ಪೂರ್ವದ ಮೊದಲ ಟಿಕೆಟ್, ಗಡಿ ದಾಟುವ ಟಿಕೆಟ್, ಪಶ್ಚಿಮದ ಸರ್ವರ್‌ನ ಹೋಸ್ಟ್ ಟಿಕೆಟ್ ಕೂಡ. ಆದರೂ ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳುತ್ತಿದೆ.

ಪ್ರತಿಕ್ರಿಯೆ 3

ನೀವು ಯಾರೆಂದು ಸರ್ವರ್‌ಗೆ ಗೊತ್ತಾಗಿದೆ. ಯಾವ ಖಾತೆಗೆ ಬಿಡಬೇಕೆಂದು ಗೊತ್ತಿಲ್ಲ. ತನ್ನ ರೆಲ್ಮ್‌ನವರನ್ನು ಮಾತ್ರ ಅದು ತಾನಾಗಿ ಸ್ಥಳೀಯ ಖಾತೆಗೆ ಹೊಂದಿಸುತ್ತದೆ. ಹೊರಗಿನವರಿಗೆ ಸರ್ವರ್‌ನ ಕರ್ಬೆರೋಸ್ ಕಡತದಲ್ಲಿ ಆತ್_ಟು_ಲೋಕಲ್ ನಿಯಮ ಬರೆಯಬೇಕು. ಅನೇಕರು ಇದನ್ನು ಪೂರ್ವದ ವಿಭಾಗದಲ್ಲಿ ಬರೆದು ಸೋಲುತ್ತಾರೆ. ಪಶ್ಚಿಮದ ಸರ್ವರ್ ಓದುವುದು ತನ್ನ ಡೀಫಾಲ್ಟ್ ರೆಲ್ಮ್‌ನ, ಅಂದರೆ ಪಶ್ಚಿಮದ ವಿಭಾಗವನ್ನು.

ಈಗ ಮುಖ್ಯ ಮಾತು. ರೆಲ್ಮ್ ಹೆಸರು ಕತ್ತರಿಸಿ ಉಳಿದದ್ದನ್ನು ಖಾತೆ ಮಾಡುವ ನಿಯಮವೇ ಎಲ್ಲೆಡೆ ನಕಲಾಗುತ್ತಿರುತ್ತದೆ. ದಯವಿಟ್ಟು ಅದನ್ನು ಹಾಕಬೇಡಿ. ಪೂರ್ವದ ಕೆಡಿಸಿ ನಡೆಸುವವರು ರೂಟ್@ಪೂರ್ವ ಎಂಬ ಪ್ರಿನ್ಸಿಪಲ್ ಸೃಷ್ಟಿಸಿದರೆ ನಿಮ್ಮ ಪ್ರತಿ ಸರ್ವರ್‌ನಲ್ಲೂ ಅವರು ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಆಗಬಲ್ಲರು. ಎರಡೂ ಕಡೆ ರವಿ ಎಂಬ ಬೇರೆ ಬೇರೆ ಜನರಿದ್ದರೆ ಒಬ್ಬರ ಮನೆಗೆ ಇನ್ನೊಬ್ಬರ ಪ್ರವೇಶ. ಬದಲಿಗೆ ಮುಂದೆ ಗುರುತು ಸೇರಿಸಿ:

ರೂಲ್:[1:ಪೂ-$1@$0](.*@ಪೂರ್ವ)ಎಸ್/@.*//
ಡೀಫಾಲ್ಟ್

ರವಿ@ಪೂರ್ವ ಈಗ ಪೂ-ರವಿ ಖಾತೆಗೆ ಹೋಗುತ್ತಾರೆ. ಆ ಖಾತೆ ಸರ್ವರ್‌ನಲ್ಲಿ ಇರಬೇಕು, ಎಸ್‌ಎಸ್‌ಎಚ್ ಮಾಡುವಾಗ ಆ ಹೆಸರನ್ನೇ ಕೊಡಬೇಕು. ರೂಟ್@ಪೂರ್ವ ಬಂದರೆ ಪೂ-ರೂಟ್ ಆಗುತ್ತದೆ, ಅಂಥ ಖಾತೆಯೇ ಇರುವುದಿಲ್ಲ. ಚೌಕದೊಳಗಿನ 1 ಎಂದರೆ ಒಂದೇ ಭಾಗದ ಹೆಸರು, ಆದ್ದರಿಂದ ರವಿ/ಅಡ್ಮಿನ್ ಈ ನಿಯಮಕ್ಕೆ ಸಿಗುವುದಿಲ್ಲ. ಕೊನೆಯ ಡೀಫಾಲ್ಟ್ ಸಾಲು ಮರೆತರೆ ಪಶ್ಚಿಮದ ಸ್ವಂತ ಬಳಕೆದಾರರೇ ಹೊರಗುಳಿಯುತ್ತಾರೆ.

ಒಬ್ಬಿಬ್ಬರಿಗಾದರೆ ಮನೆ ಕೋಶದಲ್ಲಿ ಡಾಟ್ ಕೆ5ಲಾಗಿನ್ ಕಡತ ಸಾಕು. ಆ ಕಡತ ಇದ್ದರೆ ಅದರಲ್ಲಿ ಬರೆದವರಿಗೆ ಮಾತ್ರ ಪ್ರವೇಶ, ಖಾತೆಯ ಒಡೆಯರ ಪ್ರಿನ್ಸಿಪಲ್ ಅನ್ನೂ ಬರೆಯಲೇಬೇಕು. ಮನೆ ಕೋಶ ಕರ್ಬೆರೋಸ್ ಕಾವಲಿನ ಎನ್‌ಎಫ್‌ಎಸ್ (ಜಾಲದ ಮೂಲಕ ಹಂಚುವ ಕಡತ ವ್ಯವಸ್ಥೆ) ಮೇಲಿದ್ದರೆ ಈ ದಾರಿ ಬೇಡ: ಲಾಗಿನ್‌ಗೆ ಮುಂಚೆ ಎಸ್‌ಎಸ್‌ಎಚ್ ಸೇವೆ ಆ ಕಡತ ಓದಲಾಗದೆ ನಿಲ್ಲುತ್ತದೆ.

ಪ್ರತಿಕ್ರಿಯೆ 1 ಬರೆದವರು

ಕೀಲಿ ಬದಲಿಸುವ ದಿನಕ್ಕೆ ಒಂದು ಕ್ರಮ ಬರೆದಿಟ್ಟುಕೊಳ್ಳಿ. ಮೊದಲು ಪಶ್ಚಿಮದಲ್ಲಿ ಕೀಪ್‌ಓಲ್ಡ್ (ಹಳೆಯ ಕೀಲಿ ಉಳಿಸುವ) ಆಯ್ಕೆಯೊಂದಿಗೆ ಹೊಸ ಪಾಸ್‌ವರ್ಡ್, ಅಲ್ಲಿನ ಪ್ರತಿಕೃತಿ ಕೆಡಿಸಿಗಳಿಗೆಲ್ಲ ಅದು ತಲುಪಿದ ಮೇಲೆ ಪೂರ್ವದಲ್ಲಿ. ತಿರುಗಾಮುರುಗಾ ಮಾಡಿದರೆ ಪೂರ್ವ ಹೊಸ ಕೀಲಿಯಿಂದ ಮುಚ್ಚಿದ ಟಿಕೆಟ್ ಅನ್ನು ಪಶ್ಚಿಮ ತೆರೆಯಲಾರದು. ಹಳೆಯ ಟಿಕೆಟ್‌ಗಳ ಗರಿಷ್ಠ ಆಯುಸ್ಸು, ಕೆಡಿಸಿಯ ಡೀಫಾಲ್ಟ್ ಪ್ರಕಾರ 24 ಗಂಟೆ, ಮುಗಿದ ಮೇಲೆ ಪಶ್ಚಿಮದಲ್ಲಿ ಪರ್ಜ್‌ಕೀಸ್ ಓಡಿಸಿ ಹಳೆಯ ಕೀಲಿ ಅಳಿಸಿ.