ಪಿಎಲ್‌ಸಿಗೆ ಪಿಟಿ100 ಸೆನ್ಸರ್ ಜೋಡಿಸಿದ್ದೇನೆ, ಎರಡೂ ಟ್ಯಾಂಕ್‌ನ ರೀಡಿಂಗ್ ತಪ್ಪು ಬರುತ್ತಿದೆ

ಬಿಸಿನೀರು:
ಎರಡು ಟ್ಯಾಂಕ್‌ನಲ್ಲಿ ನೀರು ಕಾಯಿಸುವ ಸಣ್ಣ ಸೆಟಪ್ ಇದು. ಪಿಎಲ್‌ಸಿ (ಹೀಟರ್, ಪಂಪ್ ನಿಯಂತ್ರಿಸುವ ಸಣ್ಣ ಕಂಪ್ಯೂಟರ್) ಸೀಮೆನ್ಸ್ ಎಸ್7-1200, ಸಪ್ಲೈ 24 ವೋಲ್ಟ್ ಡಿಸಿ. ಎರಡೂ ಕಡೆ ಮೂರು ವೈರಿನ ಪಿಟಿ100, ಅಂದರೆ ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಏರುವ ಸೆನ್ಸರ್.

ಟ್ಯಾಂಕ್ 1: ಸೆನ್ಸರ್ ತಲೆಯಲ್ಲೇ ಟ್ರಾನ್ಸ್‌ಮಿಟರ್ (ರೀಡಿಂಗನ್ನು ಕರೆಂಟ್ ಸಿಗ್ನಲ್ ಆಗಿ ಬದಲಾಯಿಸುವ ಭಾಗ) ಇದೆ. 0–100 ಡಿಗ್ರಿಗೆ 4–20 ಮಿಲಿಆಂಪ್. ಸಿಪಿಯು ಮೇಲಿನ ಇನ್‌ಪುಟ್ 0–10 ವೋಲ್ಟ್ ಮಾತ್ರ ತೆಗೆದುಕೊಳ್ಳುತ್ತದೆ, ಹಾಗಾಗಿ ಟರ್ಮಿನಲ್‌ಗೆ ಅಡ್ಡಲಾಗಿ 500 ಓಮ್ ರೆಸಿಸ್ಟರ್ ಹಾಕಿದ್ದೇನೆ. ಗಾಜಿನ ಥರ್ಮಾಮೀಟರ್ 30 ಅಂದರೆ ಇದು 44 ಅನ್ನುತ್ತದೆ. ಅದು 65 ಅಂದರೆ ಇದು 72.

ಟ್ಯಾಂಕ್ 2: ಪ್ಯಾನೆಲ್‌ನಿಂದ 20 ಮೀಟರ್ ದೂರ. ಟ್ರಾನ್ಸ್‌ಮಿಟರ್ ಇಲ್ಲ, ನೇರವಾಗಿ ಆರ್‌ಟಿಡಿ ಮಾಡ್ಯೂಲ್‌ಗೆ (ಇಂಥ ಸೆನ್ಸರ್‌ನ ರೆಸಿಸ್ಟೆನ್ಸ್ ಅಳೆಯುವ ಪಿಎಲ್‌ಸಿ ಭಾಗ) ಹೋಗುತ್ತದೆ. ಯಾವಾಗ ನೋಡಿದರೂ ನಾಲ್ಕು ಡಿಗ್ರಿಯಷ್ಟು ಜಾಸ್ತಿ. ಪಂಪ್ ಆನ್ ಆದರಂತೂ ನಂಬರ್ ಕುಣಿಯುತ್ತದೆ. ಪಂಪ್‌ಗೆ ವಿಎಫ್‌ಡಿ (ಮೋಟಾರ್ ವೇಗ ಬದಲಾಯಿಸುವ ಡ್ರೈವ್) ಇದೆ. ಹೊಸ ಸೆನ್ಸರ್ ಹಾಕಿ ನೋಡಿದೆ, ಅದೇ ಕಥೆ. ಮಾಡ್ಯೂಲ್ ಹೋಗಿದೆಯಾ?

ರಿಲೇ ಟಕಟಕ:
ಪಿಟಿ100 ತಲೆನೋವು ಬಿಡಿ ಸರ್. ಕೆ ಟೈಪ್ ಥರ್ಮೋಕಪಲ್ (ಎರಡು ಲೋಹದ ವೈರ್ ಸೇರಿಸಿದ, ಬಿಸಿಗೆ ವೋಲ್ಟೇಜ್ ಕೊಡೋ ಸೆನ್ಸರ್) ಹಾಕಿಬಿಡಿ, ಎರಡೇ ವೈರ್.

ಮಲ್ಟಿಮೀಟರ್:
ಏನನ್ನೂ ಬದಲಾಯಿಸಬೇಡಿ, ಸ್ವಲ್ಪ ತಡೆಯಿರಿ. ಥರ್ಮೋಕಪಲ್ ಇಲ್ಲಿ ಇನ್ನೂ ಕಷ್ಟ ಕೊಡುತ್ತದೆ. ಕೆ ಟೈಪ್ ಒಂದು ಡಿಗ್ರಿಗೆ ಕೊಡೋದೇ ಸುಮಾರು 41 ಮೈಕ್ರೋವೋಲ್ಟ್. ವಿಎಫ್‌ಡಿ ಪಕ್ಕದಲ್ಲಿ ಅದರ ಗತಿ ಏನಾಗಬೇಡ! ಅದಕ್ಕೆ ಬೇರೆ ಮಾಡ್ಯೂಲೂ ಬೇಕು. ಮಧ್ಯೆ ಮಾಮೂಲಿ ತಾಮ್ರದ ವೈರ್ ಸೇರಿಸಿದರೆ ಆ ಜಾಯಿಂಟ್ ಇರೋ ಜಾಗದ ಬಿಸಿಯೂ ಲೆಕ್ಕದಲ್ಲಿ ಬೆರೆತುಹೋಗುತ್ತದೆ.

ನಿಮ್ಮ ಎರಡು ಟ್ಯಾಂಕ್‌ನ ತಪ್ಪುಗಳು ಬೇರೆ ಬೇರೆ ಥರ ಇವೆ, ಗಮನಿಸಿದಿರಾ? ಒಂದರಲ್ಲಿ ಬಿಸಿ ಏರಿದಂತೆ ತಪ್ಪು ಇಳಿಯುತ್ತಿದೆ: 30ರಲ್ಲಿ 14 ಡಿಗ್ರಿ, 65ರಲ್ಲಿ 7. ಇನ್ನೊಂದರಲ್ಲಿ ಯಾವಾಗಲೂ ನಾಲ್ಕು. ಸೆನ್ಸರ್ ಕೆಟ್ಟರೆ ಇಷ್ಟು ಅಚ್ಚುಕಟ್ಟಾಗಿ ತಪ್ಪಾಗೋದಿಲ್ಲ.

ಟ್ಯಾಂಕ್ 1 ಲೆಕ್ಕ ಹಾಕಿ. 30 ಡಿಗ್ರಿಗೆ 8.8 ಮಿಲಿಆಂಪ್. 500 ಓಮ್ ಮೇಲೆ ಅದು 4.4 ವೋಲ್ಟ್. 0–10 ವೋಲ್ಟನ್ನು ನೇರ 0–100 ಡಿಗ್ರಿ ಅಂದುಕೊಂಡರೆ 44 ಬರುತ್ತದೆ. ನಿಮಗೆ ಬಂದಿರೋದೂ ಅದೇ ಅಲ್ವಾ? ಅಂದರೆ ವೈರಿಂಗ್ ಸರಿ ಇದೆ, ಸ್ಕೇಲಿಂಗ್ (ವೋಲ್ಟನ್ನು ಡಿಗ್ರಿಗೆ ಬದಲಾಯಿಸೋ ಲೆಕ್ಕ) ತಪ್ಪಿದೆ. ಸೊನ್ನೆ ಡಿಗ್ರಿಯಲ್ಲೂ 4 ಮಿಲಿಆಂಪ್ ಹರಿಯುತ್ತದೆ, ಅದು 2 ವೋಲ್ಟ್. ಈ ಪಿಎಲ್‌ಸಿಯಲ್ಲಿ 10 ವೋಲ್ಟ್ ಅಂದರೆ ಪ್ರೋಗ್ರಾಂಗೆ ಸಿಗೋ ಸಂಖ್ಯೆ 27648, ಹಾಗಾಗಿ 2 ವೋಲ್ಟ್ ಅಂದರೆ 5530. ಪ್ರೋಗ್ರಾಂನಲ್ಲಿ ಈ ಸಂಖ್ಯೆಯನ್ನು 0–1ಕ್ಕೆ ಇಳಿಸೋ ನಾರ್ಮ್-ಎಕ್ಸ್ ಬ್ಲಾಕ್‌ನಲ್ಲಿ ಕನಿಷ್ಠದ ಜಾಗದಲ್ಲಿ 0 ಇದ್ದರೆ ತೆಗೆದು 5530 ಹಾಕಿ. ಅದನ್ನು ಡಿಗ್ರಿಗೆ ಏರಿಸೋ ಸ್ಕೇಲ್-ಎಕ್ಸ್ ಬ್ಲಾಕ್‌ನ 0–100 ಹಾಗೇ ಇರಲಿ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಈಗ ಇರೋ ಹಾಗೆ ವೈರ್ ಕಿತ್ತುಹೋದರೆ ಪಿಎಲ್‌ಸಿಗೆ ಸೊನ್ನೆ ಡಿಗ್ರಿ ಕಾಣುತ್ತದೆ. ನೀರು ತಣ್ಣಗಿದೆ ಅಂತ ಹೀಟರ್ ಉರಿಯುತ್ತಲೇ ಇರುತ್ತದೆ. 5530 ಹಾಕಿದ ಮೇಲೆ ಅದೇ ಸ್ಥಿತಿಯಲ್ಲಿ ಮೈನಸ್ 25 ಬರುತ್ತದೆ. ನೀರು ಮೈನಸ್ 25 ಆಗೋಕೆ ಸಾಧ್ಯವೇ ಇಲ್ಲ. ಮೈನಸ್ 5ಕ್ಕಿಂತ ಕೆಳಗೆ ಹೋದರೆ ಹೀಟರ್ ಆಫ್, ಅಲಾರಂ ಆನ್ ಅಂತ ಒಂದು ಲೈನ್ ಬರೆಯಿರಿ. ಪ್ರೋಗ್ರಾಂ ಏನೇ ಇರಲಿ, ಹೀಟರ್ ಲೈನ್‌ನಲ್ಲಿ ಬೇರೆಯಾಗಿ ಒಂದು ಥರ್ಮೋಸ್ಟಾಟ್ ಕಟ್‌ಔಟ್ ಇರಲೇಬೇಕು.

ಟ್ಯಾಂಕ್ 2ಕ್ಕೆ ಒಂದೇ ಪ್ರಶ್ನೆ. 20 ಮೀಟರ್ ಯಾವ ಕೇಬಲ್ ಎಳೆದಿದ್ದೀರಿ? ಎಷ್ಟು ಕೋರ್?

ಬಿಸಿನೀರು:
ಎರಡು ಕೋರ್, 0.5 ಸ್ಕ್ವೇರ್ ಎಂಎಂ, ಶೀಲ್ಡ್ ಇರೋದು. ಸೆನ್ಸರ್ ಕಡೆ ಎರಡು ಕೆಂಪು ವೈರ್ ಸೇರಿಸಿ ಒಂದು ಕೋರ್‌ಗೆ, ಬಿಳಿಯದನ್ನು ಇನ್ನೊಂದಕ್ಕೆ ಕೊಟ್ಟಿದ್ದೇನೆ. ಮಾಡ್ಯೂಲ್ ಹತ್ತಿರ ಮೂರನೇ ಟರ್ಮಿನಲ್‌ಗೆ ಚಿಕ್ಕ ಜಂಪರ್. ಶೀಲ್ಡ್ ಎರಡೂ ತುದಿಯಲ್ಲಿ ಅರ್ತ್ ಮಾಡಿದ್ದೇನೆ. ಪೈಪ್ ಒಂದೇ ಇತ್ತು, ಅದಕ್ಕೇ ಪಂಪ್‌ನ ಮೋಟಾರ್ ಕೇಬಲ್ ಜೊತೆಗೇ ಬಂದಿದೆ.

ಮಲ್ಟಿಮೀಟರ್:
ಸಿಕ್ಕಿತು. ಮಾಡ್ಯೂಲ್ ಪಾಪ, ಚೆನ್ನಾಗೇ ಇದೆ.

ಪಿಟಿ100 ಒಂದು ಡಿಗ್ರಿಗೆ ಬರೀ 0.385 ಓಮ್ ಏರುತ್ತದೆ. ನಿಮ್ಮ ಕೇಬಲ್ ಮೀಟರಿಗೆ ಸುಮಾರು 0.036 ಓಮ್. ಹೋಗಿ ಬರೋದು ಸೇರಿ 40 ಮೀಟರ್, ಹತ್ತಿರ ಹತ್ತಿರ 1.4 ಓಮ್. 0.385ರಿಂದ ಭಾಗಿಸಿದರೆ ಮೂರು ಮುಕ್ಕಾಲು ಡಿಗ್ರಿ. ಮಾಡ್ಯೂಲ್ ಪಾಲಿಗೆ ಕೇಬಲ್ಲೂ ಸೆನ್ಸರ್‌ನ ಭಾಗವೇ.

ಮೂರನೇ ವೈರ್ ಇರೋದೇ ಇದಕ್ಕೆ. ಎರಡು ಕೆಂಪು ವೈರ್‌ಗಳ ಮೂಲಕ ಮಾಡ್ಯೂಲ್ ಒಂದು ವೈರಿನ ರೆಸಿಸ್ಟೆನ್ಸ್ ಅಳೆದು ಕಳೆಯುತ್ತದೆ. ಜಂಪರ್ ಮಾಡ್ಯೂಲ್ ಹತ್ತಿರ ಇದ್ದರೆ ಅದಕ್ಕೆ ಸಿಗೋದು ಜಂಪರ್‌ನ ಸೊನ್ನೆ ಮಾತ್ರ. ಮೂರನೇ ಕೋರ್ ಸೆನ್ಸರ್ ತಲೆಯವರೆಗೂ ಹೋಗಬೇಕು. ಮೂರೂ ಒಂದೇ ದಪ್ಪ, ಒಂದೇ ಉದ್ದ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಪವರ್ ಆಫ್ ಮಾಡಿ, ಕೇಬಲನ್ನು ಎರಡೂ ಕಡೆ ಬಿಚ್ಚಿ. ಸೆನ್ಸರ್ ಕಡೆಯ ಎರಡು ಕೋರ್ ಒಟ್ಟಿಗೆ ತಿರುಚಿ ಶಾರ್ಟ್ ಮಾಡಿ. ಪ್ಯಾನೆಲ್ ಕಡೆಯಿಂದ ಓಮ್ಸ್ ಅಳೆಯಿರಿ. ಮೀಟರ್‌ನ ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿದಾಗ ಬರೋ ರೀಡಿಂಗ್ ಕಳೆಯಿರಿ.

ರಿಲೇ ಟಕಟಕ:
ಪ್ರೋಗ್ರಾಂನಲ್ಲಿ ಸುಮ್ನೆ 4 ಕಳೆದರೆ ಆಗಲ್ವಾ?

ಮಲ್ಟಿಮೀಟರ್:
ಹೊಸ ಕೇಬಲ್ ಬರೋವರೆಗೆ ಆಗುತ್ತದೆ. ಆದರೆ ತಾಮ್ರದ ರೆಸಿಸ್ಟೆನ್ಸ್ ಕೂಡ ಬಿಸಿಗೆ ಏರುತ್ತದೆ, ಸ್ಕ್ರೂ ಸಡಿಲವಾದರೆ ಮತ್ತೆ ಬದಲಾಗುತ್ತದೆ. ಅಲ್ಲಿ ಎರಡೇ ಕೋರ್ ಎಳೆಯೋಕೆ ಸಾಧ್ಯ ಅನ್ನೋದಾದರೆ ಟ್ಯಾಂಕ್ 1ರ ಥರ ತಲೆಯಲ್ಲೇ ಟ್ರಾನ್ಸ್‌ಮಿಟರ್ ಹಾಕೋದು ವಾಸಿ. ಮಿಲಿಆಂಪ್‌ಗೆ ಕೇಬಲ್ ಉದ್ದದ ತಕರಾರಿಲ್ಲ.

ಇನ್ನು ನಂಬರ್ ಕುಣಿಯೋದು. ಮೋಟಾರ್ ಕೇಬಲ್ ಜೊತೆ ಒಂದೇ ಪೈಪ್‌ನಲ್ಲಿ ಇದ್ದರೆ ಕುಣಿಯದೇ ಇನ್ನೇನು ಮಾಡುತ್ತದೆ? ಬೇರೆ ಪೈಪ್ ಹಾಕಿ. ಎಲ್ಲಾದರೂ ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಉದ್ದಕ್ಕೆ ಜೊತೆ ಓಡಿಸಬೇಡಿ. ಶೀಲ್ಡ್ ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಿ, ಸೆನ್ಸರ್ ಕಡೆ ಕತ್ತರಿಸಿ ಟೇಪ್ ಸುತ್ತಿ. ಮಾಡ್ಯೂಲ್ ಸೆಟ್ಟಿಂಗ್‌ನಲ್ಲಿ ನಾಯ್ಸ್ ಫಿಲ್ಟರ್ ಇದೆ, ನಿಮ್ಮ ಲೈನ್ 50 ಹರ್ಟ್ಸ್ ಆದರೆ ಅಲ್ಲೂ 50 ಇರಲಿ. ಪ್ರೋಗ್ರಾಂನಲ್ಲಿ ಸರಾಸರಿ ತೆಗೆಯೋ ಕೆಲಸ ಕೊನೆಗೆ.

ಬಿಸಿನೀರು:
ಶಾರ್ಟ್ ಮಾಡಿ ಅಳೆದೆ. ಮೀಟರ್ 1.7 ತೋರಿಸಿತು, ಪ್ರೋಬ್‌ನದು 0.2. ಅಂದರೆ 1.5 ಓಮ್, 3.9 ಡಿಗ್ರಿ. ಪಕ್ಕಾ! ಮೂರು ಕೋರ್ ಶೀಲ್ಡ್ ಕೇಬಲ್ ಬೇರೆ ಪೈಪ್‌ನಲ್ಲಿ ಎಳೆದಾಯಿತು. ಪಂಪ್ ಓಡುವಾಗಲೂ ನಂಬರ್ ನಿಂತಿದೆ. ಟ್ಯಾಂಕ್ 1 ಕೂಡ 5530 ಹಾಕಿದ ತಕ್ಷಣ ಸರಿಯಾಯಿತು, ಮೈನಸ್ 5ರ ಅಲಾರಂ ಒಂದು ವೈರ್ ಬಿಚ್ಚಿ ಪರೀಕ್ಷೆ ಮಾಡಿದೆ.

ಈಗ ಎರಡೂ ಸೆನ್ಸರನ್ನು ಒಂದೇ ಬಕೆಟ್‌ನಲ್ಲಿ ಇಟ್ಟರೆ 80 ಡಿಗ್ರಿ ಹತ್ತಿರ ಅರ್ಧ ಡಿಗ್ರಿ ವ್ಯತ್ಯಾಸ ಬರುತ್ತದೆ. ಇದಕ್ಕೂ ಏನಾದರೂ ಮಾಡಬೇಕಾ?

ಮಲ್ಟಿಮೀಟರ್:
ಬೇಡ. ಬಿ ಕ್ಲಾಸ್ ಪಿಟಿ100ಗೆ 80 ಡಿಗ್ರಿಯಲ್ಲಿ 0.7 ಡಿಗ್ರಿ ಆಚೀಚೆ ಇರೋಕೆ ಅನುಮತಿ ಇದೆ, ಐಇಸಿ 60751 ಮಾನದಂಡದ ಪ್ರಕಾರ. ಎ ಕ್ಲಾಸ್ ಆದರೆ 0.31. ನೀರು ಕಾಯಿಸೋಕೆ ಅಷ್ಟೆಲ್ಲ ಬೇಕಿಲ್ಲ. ಅದರ ಬದಲು ಹೀಟರ್ ಆನ್-ಆಫ್ ಮಧ್ಯೆ ಎರಡು ಡಿಗ್ರಿ ಅಂತರ ಬಿಡಿ, ಕಾಂಟ್ಯಾಕ್ಟರ್ (ಹೀಟರ್ ಆನ್-ಆಫ್ ಮಾಡೋ ಸ್ವಿಚ್) ಬಾಳಿಕೆ ಬರುತ್ತದೆ.